ನಿಲ್ಲುವವರ ಕಟ್ಟು

ಮೇಷ್ಟ್ರ ಶ್ರದ್ಧಾಂಜಲಿ ಸಭೆಗೆ ಹೋಗಿದ್ದೆ. ಮಾತಾಡಿದವರೆಲ್ಲ ಅವರನ್ನು ‘ಮೈಸೂರಿನ ಸಂಸ್ಕೃತಿಯ ಕೊನೆಯ ಕೊಂಡಿ’ ಎಂದರು. ಈ ಊರಿನಲ್ಲಿ ಕೊನೆಯ ಕೊಂಡಿಗಳಿಗೆ ಬರವಿಲ್ಲ. ತಿಂಗಳಿಗೊಂದಾದರೂ ಕಳಚುತ್ತದೆ, ಪ್ರತಿ ಸಲವೂ ಅದೇ ಕೊನೆಯದು. ಪತ್ರಿಕೆಯವರು ಅದನ್ನೇ ತಲೆಬರಹ ಮಾಡುತ್ತಾರೆ. ನಾವು ಕಾಫಿ ಕುಡಿಯುತ್ತಾ ಓದಿ, ಅಯ್ಯೋ ಪಾಪ ಎಂದು ಪುಟ ತಿರುಗಿಸುತ್ತೇವೆ. ಮೇಷ್ಟ್ರು ಇದ್ದಿದ್ದರೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, “ಯಾರ್ರೀ ಹೋಗಿರೋದು? ಬಹಳ ದೊಡ್ಡೋರು ಅಂತ ಕಾಣುತ್ತೆ” ಅನ್ನುತ್ತಿದ್ದರು.

ನನ್ನನ್ನೂ ಮಾತಿಗೆ ಕರೆದರು. ಎದ್ದು ನಿಂತು ಎರಡು ಒಳ್ಳೆಯ ಮಾತು ಹೇಳಿ ಕೂತೆ. ಹೇಳಬೇಕಾದ್ದು ಬೇರೆಯೇ ಇತ್ತು. ಅದು ಮೈಕಿನ ಮುಂದೆ ಹೇಳುವಂಥದ್ದಲ್ಲ, ಹಿಂದಿನ ಸಾಲಿನವರು ಗಡಿಯಾರ ನೋಡುತ್ತಿರುವಾಗ ಹೇಳುವಂಥದ್ದಂತೂ ಅಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವಿಬ್ಬರೂ ಒಂದೇ ಕಾಲೇಜಿನಲ್ಲಿ ಪಾಠ ಹೇಳಿದವರು. ಅವರದು ತತ್ವಶಾಸ್ತ್ರ, ನನ್ನದು ಅರ್ಥಶಾಸ್ತ್ರ. ವಯಸ್ಸಿನಲ್ಲಿ ಅವರು ನನಗಿಂತ ಸಾಕಷ್ಟು ದೊಡ್ಡವರು. ನಾನು ಕೆಲಸಕ್ಕೆ ಸೇರಿದಾಗ ಅವರ ತರಗತಿಯಲ್ಲಿ ಬೆರಳೆಣಿಕೆಯ ಹುಡುಗರಿದ್ದರು. ಆಮೇಲೆ ಎಣಿಸುವುದಕ್ಕೆ ಬೆರಳೂ ಬೇಕಾಗಲಿಲ್ಲ, ವಿಭಾಗವನ್ನೇ ಮುಚ್ಚಿದರು. ನಿವೃತ್ತಿಗೆ ಇನ್ನೂ ವರ್ಷಗಳಿದ್ದ ಮನುಷ್ಯನನ್ನು ಏನು ಮಾಡುವುದು? ‘ವ್ಯಕ್ತಿತ್ವ ವಿಕಸನ’ ಅಂತ ಹೊಸದೊಂದು ವಿಷಯ ಬಂದಿತ್ತು, ಅದನ್ನು ತಂದು ಅವರ ಕೊರಳಿಗೆ ಕಟ್ಟಿದರು. ಆತ್ಮ ಇದೆಯೋ ಇಲ್ಲವೋ ಎಂದು ಅರ್ಧ ಆಯುಷ್ಯ ವಾದ ಮಾಡಿದವರು, ಇಂಟರ್‌ವ್ಯೂಗೆ ಹೋಗುವಾಗ ಶೂ ಪಾಲಿಶ್ ಮಾಡಿಕೊಂಡು ಹೋಗಿ ಎಂದು ಹೇಳಿಕೊಡಬೇಕಾಯಿತು. ನಾನು ಸಂಕಟಪಟ್ಟರೆ ಅವರೇ ನನ್ನನ್ನು ಸಮಾಧಾನ ಮಾಡಿದರು. “ಪರವಾಗಿಲ್ಲ ಕಣ್ರೀ. ಆತ್ಮದಿಂದ ಯಾವ ಹುಡುಗನಿಗೂ ಅನುಕೂಲ ಆಗಿರಲಿಲ್ಲ. ಶೂ ದೆಸೆಯಿಂದ ಇಬ್ಬರಿಗೆ ಕೆಲಸ ಸಿಕ್ಕಿದೆ.”

ಸಣಕಲು ದೇಹ, ಉದ್ದ ಮೂಗು, ಎಂಥ ಬಿಸಿಲಿಗೂ ಬಿಚ್ಚದ ಒಂದು ಬೂದು ಕೋಟು. ಹೊಸಬರು ಯಾರೇ ಎದುರಾದರೂ ಅವರ ಕಣ್ಣು ಮೊದಲು ಮುಖಕ್ಕೆ ಹೋಗುತ್ತಿರಲಿಲ್ಲ, ತಲೆಗೆ ಹೋಗುತ್ತಿತ್ತು. ತಲೆಯ ಸುತ್ತಳತೆ, ಹಣೆಯ ಅಗಲ, ಕಿವಿ ಎಷ್ಟು ಮೇಲಿದೆ ಎಂಬುದನ್ನೆಲ್ಲ ಒಂದು ಕ್ಷಣದಲ್ಲಿ ನೋಡಿ ಮುಗಿಸಿ, ಆಮೇಲೆ “ನಮಸ್ಕಾರ” ಎನ್ನುತ್ತಿದ್ದರು. ಗೊತ್ತಿಲ್ಲದವರಿಗೆ ಇದು ವಿಚಿತ್ರ ಅನ್ನಿಸುತ್ತಿತ್ತು. ಒಮ್ಮೆ ನಮ್ಮ ಪ್ರಿನ್ಸಿಪಾಲರು, ತಮ್ಮ ಬೋಳುತಲೆಯನ್ನೇ ಈ ಮನುಷ್ಯ ಆಡಿಕೊಳ್ಳುತ್ತಿದ್ದಾನೆ ಎಂದು ತಿಂಗಳುಗಟ್ಟಲೆ ಮುನಿಸಿಕೊಂಡಿದ್ದರು.

ವಿಷಯ ಏನೆಂದರೆ ಮೇಷ್ಟ್ರಿಗೆ ಪೇಟ ಕಟ್ಟುವುದು ಗೊತ್ತಿತ್ತು. ಅಂಗಡಿಯಲ್ಲಿ ಸಿಗುವ, ರಟ್ಟಿಗೆ ಹೊಲಿದ ಸಿದ್ಧ ಪೇಟ ಅಲ್ಲ. ಜರಿ ಅಂಚಿನ ಉದ್ದನೆಯ ರೇಷ್ಮೆ ಬಟ್ಟೆಯನ್ನು ತಲೆಯ ಮೇಲೇ ಸುತ್ತಿ ಕಟ್ಟುವ ಪೇಟ. ಅವರದು ಅರಮನೆಯ ಊಳಿಗದಲ್ಲಿದ್ದ ಮನೆತನ. ತಾತನ ಕೆಲಸವೇ ಅದು, ದೊಡ್ಡವರ ತಲೆಗೆ ಪೇಟ ಕಟ್ಟುವುದು. ಅದು ತಂದೆಗೆ ಬಂತು, ತಂದೆಯಿಂದ ಇವರಿಗೆ. ಜಯಲಕ್ಷ್ಮಿಪುರಂನ ಸುತ್ತಮುತ್ತ ಎಷ್ಟೋ ಮದುವೆಗಳಲ್ಲಿ ಬೆಳಗಿನ ತಿಂಡಿಗೆ ಮೊದಲೇ ಮೇಷ್ಟ್ರು ಛತ್ರದಲ್ಲಿ ಹಾಜರಿರುತ್ತಿದ್ದರು. ಕಾಶಿಯಾತ್ರೆಗೆ ಹೊರಡುವ ವರನ ತಲೆಗೆ ಪೇಟ ಕಟ್ಟಿ, ತಾಂಬೂಲ ಮಾತ್ರ ತೆಗೆದುಕೊಂಡು, ಮೊದಲ ಗಂಟೆಯ ಪಾಠಕ್ಕೆ ಕಾಲೇಜಿಗೆ ಬಂದುಬಿಡುತ್ತಿದ್ದರು.

ಈ ಕೆಲಸಕ್ಕೆ ಇನ್ನೊಬ್ಬರು ಬೇಕು. ಬಟ್ಟೆಯ ಆ ತುದಿಯನ್ನು ಬಿಗಿಯಾಗಿ ಹಿಡಿದು ನಿಲ್ಲುವವರು. ಸಹೋದ್ಯೋಗಿಯೊಬ್ಬರ ಮದುವೆಯಲ್ಲಿ ಕೈಗೆ ಸಿಕ್ಕವನು ನಾನು, ಅಲ್ಲಿಂದ ಅದು ನನ್ನ ಪಾಲಿನ ಕೆಲಸವೇ ಆಯಿತು. ವರ ಸ್ಟೂಲಿನ ಮೇಲೆ, ನಾನು ಕೋಣೆಯ ಬಾಗಿಲ ಹತ್ತಿರ, ನಮ್ಮಿಬ್ಬರ ನಡುವೆ ರೇಷ್ಮೆ. ಮೇಷ್ಟ್ರು ಒಂದೊಂದು ಸುತ್ತು ಹಾಕಿದಂತೆ ಬಟ್ಟೆ ಕಡಿಮೆಯಾಗುತ್ತಾ, ನಾನು ಒಂದೊಂದೇ ಹೆಜ್ಜೆ ಹತ್ತಿರ ಬರುತ್ತಿದ್ದೆ. ಕೊನೆಗೆ ಮೂವರೂ ಒಬ್ಬರ ಉಸಿರು ಒಬ್ಬರಿಗೆ ತಾಗುವಷ್ಟು ಹತ್ತಿರ. ಕಟ್ಟಿಸಿಕೊಳ್ಳುವವರು ಮುಗಿಯುವವರೆಗೆ ಬಾಯಿ ತೆರೆಯಬಾರದು ಎಂಬುದು ಅವರ ಮನೆಯ ನಿಯಮ. ಮಾತಾಡಿದರೆ ಕಣತಲೆಯ ನರ ಆಡುತ್ತದೆ, ಕಟ್ಟು ಸಡಿಲ ಬರುತ್ತದೆ. ಅವರ ಹೆಂಡತಿ ನಗುತ್ತಿದ್ದರು: “ಇವರ ಮುಂದೆ ಗಂಡುಹುಡುಗರು ಬಾಯಿ ಮುಚ್ಚಿಕೊಂಡು ಕೂರೋದು ಇದೊಂದೇ ಹೊತ್ತಲ್ಲಿ. ಕ್ಲಾಸಲ್ಲಂತೂ ಒಂದು ದಿನ ಕೂತಿಲ್ಲ.”

ಕಾಲ ಕಳೆದಂತೆ ಕರೆಯುವವರು ಕಡಿಮೆಯಾದರು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಸಿದ್ಧ ಪೇಟ ಅಂಗಡಿಯಲ್ಲಿ ಸಿಗುತ್ತದೆ, ತಲೆಗೆ ಇಟ್ಟರೆ ಆಯಿತು, ತೆಗೆದರೆ ಆಯಿತು. ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ಕೂರುವುದಕ್ಕೆ ಮದುವೆಯ ದಿನ ಯಾವ ವರನಿಗೆ ಪುರುಸೊತ್ತಿದೆ? ಆದರೆ ಪೇಟ ಕಟ್ಟಲು ಕರೆಯುವವರು ಕಡಿಮೆಯಾದಷ್ಟೂ ಭಾಷಣಕ್ಕೆ ಕರೆಯುವವರು ಹೆಚ್ಚಾದರು. ‘ಆಧುನಿಕ ಸಮಾಜದಲ್ಲಿ ಸಾಂಪ್ರದಾಯಿಕ ಸಂಸ್ಕೃತಿಯ ಅವನತಿ’ ಎಂಬುದು ಕಾಯಂ ವಿಷಯ. ತತ್ವಶಾಸ್ತ್ರ ಬಲ್ಲವರು, ಅರಮನೆಯ ಹಿನ್ನೆಲೆಯವರು, ಕೋಟು ಹಾಕುವವರು. ಇದಕ್ಕಿಂತ ಒಳ್ಳೆಯ ಭಾಷಣಕಾರ ಎಲ್ಲಿ ಸಿಗಬೇಕು? ರಾಜ್ಯೋತ್ಸವಕ್ಕೆ, ದಸರೆಗೆ, ಬಡಾವಣೆಯ ವಾರ್ಷಿಕೋತ್ಸವಕ್ಕೆ, ಎಲ್ಲದಕ್ಕೂ ಇದೇ ಅವನತಿ. ಭಾಷಣ ಮುಗಿದ ಮೇಲೆ ಶಾಲು, ಹಣ್ಣಿನ ಬುಟ್ಟಿ, ತಲೆಯ ಮೇಲೆ ಒಂದು ಸಿದ್ಧ ಪೇಟ. ಅದನ್ನು ಸ್ಕೂಟರಿನ ಮುಂದಿನ ಕೊಕ್ಕೆಗೆ ನೇತುಹಾಕಿಕೊಂಡು ಮನೆಗೆ ತರುತ್ತಿದ್ದರು. ಅವರ ಹೆಂಡತಿ ಒಂದನ್ನು ಮಗುಚಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟು ನಿಂಬೆಹಣ್ಣು ತುಂಬಿಸಿದ್ದರು. “ಇದಕ್ಕಾದರೂ ಬರಲಿ” ಎಂದರು. ಮೇಷ್ಟ್ರು ಒಂದು ನಿಂಬೆಹಣ್ಣು ತೆಗೆದುಕೊಂಡು ಮೂಸಿ ನೋಡಿ ಮತ್ತೆ ಅದರೊಳಗೇ ಇಟ್ಟರು.

ಆ ಭಾಷಣವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಜನ ಅಂದುಕೊಂಡಂತೆ ಅದು ಹಳೆಯದೆಲ್ಲ ಚಿನ್ನ ಎನ್ನುವ ಗೋಳಾಟವಲ್ಲ. ಅವರು ಹೇಳುತ್ತಿದ್ದುದು ಇಷ್ಟು: ಯಾವುದೇ ಆಚಾರ ಮೊದಲು ಒಂದು ಕೆಲಸವಾಗಿರುತ್ತದೆ. ಬಿಸಿಲಿಗೆ ತಲೆಗೊಂದು ಬಟ್ಟೆ ಬೇಕು, ಸುತ್ತಿಕೊಳ್ಳುತ್ತೇವೆ. ಅದರ ಅಗತ್ಯ ತೀರಿದ ಮೇಲೂ ಪ್ರೀತಿಯಿಂದಲೋ ಭಯದಿಂದಲೋ ಮುಂದುವರಿಸಿದರೆ ಅದು ಪದ್ಧತಿಯಾಗುತ್ತದೆ. ಆ ಪ್ರೀತಿ, ಆ ಭಯ ಎರಡೂ ಹೋದ ಮೇಲೆ ಅದು ಕಾರ್ಯಕ್ರಮವಾಗುತ್ತದೆ. “ಹೀಗೆ ವೇದಿಕೆ ಹತ್ತಿದ್ದು ಯಾವುದೂ ಮನೆಗೆ ವಾಪಸ್ ಬಂದಿಲ್ಲ” ಎಂದು ಅವರು ಹೇಳಿದಾಗ ಜನ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಆ ಚಪ್ಪಾಳೆ ಕೇಳಿದಾಗೆಲ್ಲ ಅವರ ಮುಖ ಇನ್ನಷ್ಟು ಬಾಡುತ್ತಿತ್ತು.

ಅವರ ಜೊತೆ ಸಿನಿಕತನಕ್ಕೂ ಜಾಗವಿರಲಿಲ್ಲ, ಭಾವುಕತೆಗೂ ಇರಲಿಲ್ಲ. ಒಮ್ಮೆ ಸ್ಟಾಫ್ ರೂಮಿನಲ್ಲಿ ಯಾರೋ ಒರಳುಕಲ್ಲಿನ ಚಟ್ನಿಯ ರುಚಿ ನೆನೆದು ನಿಟ್ಟುಸಿರು ಬಿಟ್ಟರು. ಮೇಷ್ಟ್ರು ತಟ್ಟನೆ ತಿರುಗಿದರು: “ಒರಳುಕಲ್ಲು ಹೋಯ್ತು ಅಂತ ಅಳೋರೆಲ್ಲ ಗಂಡಸರು ಕಣ್ರೀ. ರುಬ್ಬಿದೋರು ಯಾರಾದ್ರೂ ಅತ್ತಿದ್ದು ನೋಡಿದ್ದೀರಾ?” ಇನ್ನೊಂದು ದಿನ ಒಬ್ಬ ಹಿರಿಯರು, ಇಂದಿನ ಯುವಕರೇ ಸಂಸ್ಕೃತಿಯನ್ನು ಕೊಂದರು ಎಂದು ಗುಡುಗಿ ಇಳಿದರು. ಹೊರಗೆ ಬಂದ ಮೇಲೆ ಮೇಷ್ಟ್ರು ಸ್ಕೂಟರಿಗೆ ಒರಗಿ ನಿಂತು ಹೇಳಿದರು: “ಬೈಯೋಣ ಅಂದ್ರೆ ಯಾರೂ ಸಿಗಲ್ಲ ಕಣ್ರೀ. ಯಾರೂ ಕೆಟ್ಟೋರಲ್ಲ. ಯಾರಿಗೂ ಹೊತ್ತಿಲ್ಲ, ಅಷ್ಟೇ. ಕೊಂದೋರು ಯಾರೂ ಇಲ್ಲ, ಹೆಣ ಮಾತ್ರ ಬಿದ್ದಿದೆ. ಇದಕ್ಕೆ ಏನಂತ ಭಾಷಣ ಮಾಡಲಿ?”

“ಮಾಡಬೇಡಿ ಸಾರ್. ಬಿಟ್ಟುಬಿಡಿ” ಅಂದೆ.

“ಕರೀತಾರಲ್ರೀ” ಎಂದರು. ಆ ದಿನ ಅವರಿಗೆ ಬಹಳ ಆಯಾಸವಾಗಿತ್ತು.

ನನಗೂ ಅವರಿಗೂ ಒಂದೇ ಒಂದು ಸಲ ನಿಜವಾದ ಜಗಳವಾಗಿದೆ. ಅದೂ ಈ ಭಾಷಣದ ವಿಷಯಕ್ಕೇ. ನಾನು ಬೋಗಾದಿಯವನು. ಈಗ ಅಲ್ಲಿ ಬರಿ ಲೇಔಟು, ಪಿ.ಜಿ., ಅರ್ಧ ಎದ್ದ ಕಟ್ಟಡಗಳು; ನನ್ನ ಬಾಲ್ಯದಲ್ಲಿ ಅದು ಹಳ್ಳಿ, ನಮ್ಮದು ಬೇಸಾಯದ ಮನೆ. ಒಂದು ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೆವು. ಅವರು ಹಿಂದಿನ ದಿನದ ಸಭೆಯಲ್ಲಿ ‘ಹಿಂದಿನವರ ಮರ್ಯಾದೆ’ ಎಂದು ಎರಡು ಸಲ ಹೇಳಿದ್ದರು. ಅದು ನನ್ನ ಹೊಟ್ಟೆಯೊಳಗೆ ಕೂತಿತ್ತು.

“ಯಾರ ಮರ್ಯಾದೆ ಸಾರ್?” ಅಂದೆ. “ನಮ್ಮ ತಾತ ಹಾಲು ಹಾಕೋಕೆ ಟೌನಿಗೆ ಬರ್ತಿದ್ರು. ನಿಮ್ಮಂಥೋರ ಮನೆ ಬೀದಿ ಬಂದ ತಕ್ಷಣ ತಲೆ ಮೇಲಿನ ರುಮಾಲು ಬಿಚ್ಚಿ ಹೆಗಲಿಗೆ ಹಾಕ್ಕೋತಿದ್ರಂತೆ. ಬೀದಿ ದಾಟಿದ ಮೇಲೆ ಮತ್ತೆ ಸುತ್ಕೋಬೇಕು. ಆ ಸಂಸ್ಕೃತಿ ಹಾಳಾಗಿದ್ದಕ್ಕೆ ನಾನು ಯಾಕೆ ಅಳಲಿ?”

ಮೇಷ್ಟ್ರು ನಿಂತುಬಿಟ್ಟರು. ತಿರುಗಿ ಮಾತಾಡುತ್ತಾರೆ ಅಂದುಕೊಂಡೆ. ಅದರ ಬದಲು ಕಲ್ಲುಬೆಂಚಿನ ಮೇಲೆ ಕೂತು, ಮನೆಯವರ ಹೊರತು ಯಾರಿಗೂ ಹೇಳಿರದ ಒಂದು ಸಂಗತಿ ಹೇಳಿದರು. ಅವರ ಮನೆಯಲ್ಲಿ ಪೇಟಕ್ಕೆ ಎರಡು ಕಟ್ಟುಗಳಿದ್ದವಂತೆ. ಒಂದು ಕೂರುವವರ ಕಟ್ಟು. ದರ್ಬಾರಿನಲ್ಲಿ ಆಸನ ಇದ್ದವರಿಗೆ. ಬಟ್ಟೆಯ ಕೊನೆಯ ಅಂಚನ್ನು ಮುಂದೆ ತಂದು ಗರಿಯಂತೆ ಬಿಡಿಸಿ ನಿಲ್ಲಿಸುವುದು ಅದರ ಗುರುತು. ಇನ್ನೊಂದು ನಿಲ್ಲುವವರ ಕಟ್ಟು, ಊಳಿಗದವರಿಗೆ. ಅದರಲ್ಲಿ ಗರಿ ಇಲ್ಲ, ಅಂಚನ್ನು ಒಳಗೇ ಸಿಕ್ಕಿಸಿಬಿಡುವುದು. ಎಷ್ಟು ಬಗ್ಗಿದರೂ ಜಾರಬಾರದು, ಅಷ್ಟೇ ಅದರ ಉದ್ದೇಶ.

“ನಾವು ಇಡೀ ದಿನ ಬೇರೆಯೋರ ತಲೆಗೆ ಗರಿ ನಿಲ್ಲಿಸಿ, ನಮ್ಮ ತಲೆಗೆ ಇದನ್ನ ಸುತ್ಕೊಂಡು ಗೋಡೆ ಪಕ್ಕ ನಿಲ್ತಿದ್ವಿ” ಎಂದರು. “ನಿಮ್ಮ ತಾತ ಬಿಚ್ಚಿದ್ರು, ನಮ್ಮ ತಾತ ಬಿಚ್ಚದೇ ಬಗ್ಗಿದ್ರು. ಅಷ್ಟೇ ಕಣ್ರೀ ವ್ಯತ್ಯಾಸ.”

ನನ್ನ ಸಿಟ್ಟು ಅಲ್ಲೇ ಇಳಿಯಿತು. ಸ್ವಲ್ಪ ದೂರ ನಡೆದ ಮೇಲೆ ಅವರೇ ಕೇಳಿದರು: “ನಿಮ್ಮ ತಾತ ಬೀದಿ ದಾಟಿದ ಮೇಲೆ ರುಮಾಲು ಹೇಗೆ ಸುತ್ಕೋತಿದ್ರು? ಎಡದಿಂದಲಾ, ಬಲದಿಂದಲಾ?”

ಗೊತ್ತಿಲ್ಲ ಅಂದೆ. ನಮ್ಮಪ್ಪನಿಗೂ ಗೊತ್ತಿರಲಿಕ್ಕಿಲ್ಲ.

“ನೋಡಿ” ಎಂದರು, “ಬಿಚ್ಚೋದು ಹೋಯ್ತು, ಒಳ್ಳೇದಾಯ್ತು. ಸುತ್ತೋದೂ ಅದರ ಜೊತೆಗೇ ಹೋಯ್ತಲ್ಲ. ಸುತ್ತೋದನ್ನ ಉಳಿಸ್ಕೊಂಡು ಬಿಚ್ಚೋದನ್ನ ಮಾತ್ರ ಬಿಡೋಕೆ ಯಾವ ಜನಕ್ಕೂ ಬಂದಿಲ್ಲ. ನಾನು ಭಾಷಣದಲ್ಲಿ ಹೇಳೋಕೆ ಹೋಗೋದು ಇದನ್ನೇ, ಬಾಯಿಗೆ ಬರೋದು ಮಾತ್ರ ಆ ಹಾಳು ಮರ್ಯಾದೆ.”

ಇದಾದ ಕೆಲವು ವರ್ಷಗಳಿಗೆ ಅವರು ನಿವೃತ್ತರಾದರು. ಆಮೇಲೆ ಕೈ ನಡುಗಲು ಶುರುವಾಯಿತು. ಮೊದಲು ಕಾಫಿ ಲೋಟ ತಟ್ಟೆಯ ಮೇಲೆ ಸದ್ದು ಮಾಡುತ್ತಿತ್ತು, ಆಮೇಲೆ ಸಹಿ ಕೆಟ್ಟಿತು, ಆಮೇಲೆ ಅಂಗಿಯ ಗುಂಡಿ ಹೆಂಡತಿ ಹಾಕಬೇಕಾಯಿತು. ಕಂಪವಾತ ಎಂದರು ಡಾಕ್ಟರು. ಮಾತ್ರೆ ತೆಗೆದುಕೊಂಡ ಮೇಲೆ ಸ್ವಲ್ಪ ಹೊತ್ತು ಕೈ ಹಿಡಿತದಲ್ಲಿರುತ್ತಿತ್ತು, ಆಮೇಲೆ ಮತ್ತೆ ಅದೇ. ಭಾಷಣಕ್ಕೆ ಆಗಲೂ ಹೋಗುತ್ತಿದ್ದರು. ಕೈ ನಡುಗುವುದಕ್ಕೂ ಸಂಸ್ಕೃತಿಯ ಅವನತಿಗೂ ಚೆನ್ನಾಗಿ ಹೊಂದುತ್ತದೆ ಎಂದು ತಮ್ಮನ್ನು ತಾವೇ ಆಡಿಕೊಂಡು ನಗುತ್ತಿದ್ದರು. ಹೋಗುವುದನ್ನು ನಿಲ್ಲಿಸಿದ್ದು ಮಗಳ ಮದುವೆಯ ನಂತರ. ಎಷ್ಟು ಕರೆದರೂ ಹೋಗಲಿಲ್ಲ. ಆರೋಗ್ಯ ಸರಿಯಿಲ್ಲ ಎಂದು ಎಲ್ಲರೂ ತಿಳಿದರು. ನನಗೆ ಗೊತ್ತಿರುವ ಕಾರಣ ಬೇರೆ. ಆ ಬೆಳಿಗ್ಗೆ ನಾನು ಅಲ್ಲಿದ್ದೆ.

ಒಬ್ಬಳೇ ಮಗಳು. ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ಅಲ್ಲೇ ಕೆಲಸ ಮಾಡುವ ಹುಡುಗನನ್ನು ಒಪ್ಪಿಕೊಂಡಿದ್ದಳು. ಹುಡುಗನದು ಆ ಕಡೆಯ ಹಳ್ಳಿ, ಒಕ್ಕಲು ಮನೆತನ. ಹೊಲವೆಲ್ಲ ಸೈಟಾದ ಮೇಲೆ ಅವನ ಅಪ್ಪ ಮನೆ ಕಟ್ಟಿಸುವ ಕಂಟ್ರಾಕ್ಟು ಹಿಡಿದಿದ್ದರು. ಜಾತಿ ಬೇರೆ. ಮೇಷ್ಟ್ರ ಅಣ್ಣ, ಹಿರಿಯರು, ಈ ಸಂಬಂಧಕ್ಕೆ ಮುಖ ಗಂಟು ಹಾಕಿಕೊಂಡವರು ಕೊನೆಯವರೆಗೂ ಬಿಚ್ಚಲಿಲ್ಲ. ಮೇಷ್ಟ್ರು ಒಂದೇ ಮಾತಿಗೆ ಒಪ್ಪಿದರು. ಅವರು ಕೇಳಿದ್ದು ಒಂದೇ: “ಅಳಿಯನಿಗೆ ಪೇಟ ನಾನು ಕಟ್ಟಬೇಕು.”

“ಅಪ್ಪಾ, ಕೈ?” ಎಂದಳು ಮಗಳು.

“ಕೈನ ನಾನು ನೋಡ್ಕೋತೀನಿ ಕಣಮ್ಮ.”

ಗಂಡಿನ ಕಡೆಯವರು ಇವೆಂಟ್‌ನವರಿಗೆ ಹೇಳಿ ಗಂಡಸರೆಲ್ಲರಿಗೂ ಒಂದೇ ಬಣ್ಣದ ಸಿದ್ಧ ಪೇಟ ಬಾಡಿಗೆಗೆ ತರಿಸಿದ್ದರು. ಆದರೂ ಬೀಗರು, ಹುಡುಗನ ಅಪ್ಪ, ಸಲೀಸಾಗಿ ಒಪ್ಪಿದರು. “ಗಂಡಿಗೆ ನೀವೇ ಕಟ್ಟಿ ಸ್ವಾಮಿ, ಬ್ಯಾಡ ಅಂದೋರ್ಯಾರು? ಅದರ ಮ್ಯಾಲೆ ನಾವು ಬಾಸಿಂಗ ಕಟ್ಕತೀವಿ.”

ಮದುವೆಗೆ ಮುಂಚಿನ ವಾರಗಳಲ್ಲಿ ಮೇಷ್ಟ್ರು ಅಭ್ಯಾಸ ಮಾಡಿದ್ದು ನನ್ನ ತಲೆಯ ಮೇಲೆ. ತುದಿ ಹಿಡಿಯುವವನೇ ಸ್ಟೂಲಿನ ಮೇಲೆ ಕೂತಿದ್ದರಿಂದ ಬಟ್ಟೆಯ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದರು. ಕಿಟಕಿ ಹತ್ತಿರ ಬರುವುದಿಲ್ಲವಲ್ಲ, ಹಾಗಾಗಿ ನಾನೇ ಸ್ಟೂಲನ್ನು ಎಳೆದುಕೊಂಡು ಕಿಟಕಿಯ ಕಡೆ ಸರಿಯಬೇಕು. ಅವರ ಹೆಂಡತಿ ಕಾಫಿ ಹಿಡಿದುಕೊಂಡು ಬಂದು ಈ ದೃಶ್ಯ ನೋಡಿ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದರು. ಕೆಲವು ದಿನ ಗರಿ ನಿಲ್ಲುತ್ತಿತ್ತು. ಕೆಲವು ದಿನ ಎಲ್ಲಾ ಕುಸಿದು ನನ್ನ ಕಣ್ಣಿನ ಮೇಲೆ ಬೀಳುತ್ತಿತ್ತು. ಅವರು ಕಟ್ಟಲು ಹೊರಟಿದ್ದು ಕೂರುವವರ ಕಟ್ಟು, ಸಂಶಯವೇ ಇಲ್ಲ. “ನಮ್ಮ ಮನೇಲಿ ಆ ಕಟ್ಟನ್ನ ಯಾರೂ ತಮ್ಮೋರಿಗೆ ಕಟ್ಟಿಲ್ಲ ಕಣ್ರೀ” ಎಂದರು ಒಂದು ದಿನ. “ನಮ್ಮ ಮನೆಗೆ ಬರೋ ಹುಡುಗ ಗರಿ ಇಟ್ಕೊಂಡು ಬರಲಿ.” ಆ ಮಾತನ್ನು ಅವರು ಎಷ್ಟು ಆಸೆಯಿಂದ ಹೇಳಿದರೆಂದರೆ ನನಗೆ ಭಯವಾಯಿತು.

ಮದುವೆಯ ದಿನ ಮಾತ್ರೆಯ ಹೊತ್ತು ಲೆಕ್ಕ ಹಾಕಿ ನುಂಗಿದ್ದರು. ವರ ಇನ್ನೇನು ಕೋಣೆಗೆ ಬರಬೇಕು, ವಿಡಿಯೋದವರು ತಡೆದರು. ಗಂಡಿನ ಕಡೆಯವರು ಛತ್ರದ ಒಳಗೆ ಬಂದದ್ದು ಬೆಳಕಿಗೆ ಎದುರಾಗಿ ಕಪ್ಪಾಗಿ ಬಿದ್ದಿದೆಯಂತೆ, ಮತ್ತೊಂದು ಸಲ ಎಲ್ಲರೂ ಹೊರಗೆ ಹೋಗಿ ಬರಬೇಕಂತೆ. ಹೋದರು, ಬಂದರು. ಡ್ರೋನ್ ಹಾರಿಸಿದರು, ಅದಕ್ಕಾಗಿ ಮತ್ತೆ ಹೋದರು. ಮೇಷ್ಟ್ರು ವರನ ಕೋಣೆಯಲ್ಲಿ ಎರಡೂ ಅಂಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದರು. ನಾನು ಹೋಗಿ ವಿಡಿಯೋದವರಿಗೆ ಹೇಳುತ್ತೇನೆ ಅಂದೆ. “ಬೇಡ. ಅವರ ಕೆಲಸ ಅವರು ಮಾಡ್ತಿದ್ದಾರೆ” ಎಂದರು. ವರ ಬಂದು ಸ್ಟೂಲಿನ ಮೇಲೆ ಕೂರುವ ಹೊತ್ತಿಗೆ ಮಾತ್ರೆಯ ಹೊತ್ತು ಮೀರಿತ್ತು.

ಹುಡುಗ ಒಳ್ಳೆಯವನು. ಮಾತಾಡಬಾರದು ಎಂದು ಹೆಂಡತಿಯಾಗುವವಳು ಮೊದಲೇ ಹೇಳಿಕೊಟ್ಟಿದ್ದಳೇನೋ, ಬಾಯಿ ಬಿಗಿದು ಕೂತ. ನಾನು ತುದಿ ಹಿಡಿದೆ. ಮೊದಲ ಸಲ ಅರ್ಧಕ್ಕೇ ಎಲ್ಲಾ ಸಡಿಲವಾಗಿ ಹುಡುಗನ ಭುಜದ ಮೇಲೆ ಬಿತ್ತು. ಬೀಗರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಎರಡನೆಯ ಸಲ ಶುರುಮಾಡುವಾಗ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಆಮೇಲೆ ಕೈ ತಾನೇ ಓಡಿತು. ನಡುಗುತ್ತಲೇ ಓಡಿತು, ಆದರೂ ತಪ್ಪಲಿಲ್ಲ. ಒಂದೊಂದು ಸುತ್ತೂ ಹಿಂದಿನದರ ಮೇಲೆ ಸರಿಯಾಗಿ ಕೂತಿತು. ನಾನು ಹತ್ತಿರ ಹತ್ತಿರ ಬಂದು ಕೊನೆಯ ಅಂಚನ್ನು ಅವರ ಬೆರಳಿಗೆ ಕೊಟ್ಟೆ, ಅದು ಕ್ಷಣದಲ್ಲಿ ಎಲ್ಲೋ ಒಳಗೆ ಮಾಯವಾಯಿತು. ಕಟ್ಟು ಕಲ್ಲಿನಂತೆ ನಿಂತಿತ್ತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಏನು ಕಾಣೆಯಾಗಿದೆ ಎಂಬುದು ಹೊಳೆಯಲೇ ಇಲ್ಲ.

ಹೊಳೆದದ್ದು ಅವರ ಅಣ್ಣನಿಗೆ. ಮುಹೂರ್ತಕ್ಕೆ ತಡವಾಯಿತೆಂದು ಹೇಳಲು ಒಳಗೆ ಬಂದವರು ಹುಡುಗನ ತಲೆ ನೋಡಿ ನಿಂತರು.

“ಇದೇನೋ ಇದು? ಅಳಿಯನಿಗೆ ನಿಲ್ಲೋರ ಕಟ್ಟು ಕಟ್ಟಿದ್ದೀಯಲ್ಲೋ!” ಆಮೇಲೆ ಒಂದು ಸಣ್ಣ ನಗು. “ಸರಿ ಬಿಡು. ಗೊತ್ತಿದ್ದೇ ಕಟ್ಟಿರ್ತೀಯ.”

ಮೇಷ್ಟ್ರು ಕಣ್ಣು ಬಿಟ್ಟು ನೋಡಿದರು. ಗರಿ ಇರಲಿಲ್ಲ. ಆ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು.

ಬೀಗರು ಎರಡು ಹೆಜ್ಜೆ ಒಳಗೆ ಬಂದರು. “ಏನ್ ಸ್ವಾಮಿ ಅಂಗಂದ್ರೆ? ನಿಲ್ಲೋರು ಅಂದ್ರೆ ಯಾರು?”

ನಾನು ಏನಾದರೂ ಹೇಳಿ ಮುಚ್ಚಿಹಾಕೋಣ ಅಂದುಕೊಂಡೆ. ಒಂದು ಸುಳ್ಳು ಸಾಕಿತ್ತು. ಇದೂ ಒಂದು ಶೈಲಿ ಅಂದಿದ್ದರೆ ಮುಗಿಯುತ್ತಿತ್ತು. ಇಲ್ಲದಿದ್ದರೆ ಹೊಸಿಲಲ್ಲೇ ಸಂಬಂಧ ಹುಳಿಯಾಗುತ್ತದೆ, ಆ ಹುಡುಗಿ ಜೀವನವಿಡೀ ಅದನ್ನು ಉಣ್ಣಬೇಕಾಗುತ್ತದೆ. ಮೇಷ್ಟ್ರು ಸುಳ್ಳು ಹೇಳಲಿಲ್ಲ.

“ಊಳಿಗದವರ ಕಟ್ಟು ಇದು” ಎಂದರು. “ದೊಡ್ಡೋರ ಮುಂದೆ ಕೈಕಟ್ಟಿ ನಿಲ್ಲೋರದು. ನಮ್ಮ ತಾತನದು, ನಮ್ಮಪ್ಪನದು. ನನ್ನ ಮದುವೇಲಿ ನನ್ನ ತಲೆಗ್ ಕಟ್ಟಿದ್ದೂ ಇದೇ. ನಿಮ್ಮ ಮಗನಿಗೆ ಇನ್ನೊಂದು ಕಟ್ಟಬೇಕು ಅಂತಿದ್ದೆ. ಕೈ ನನ್ನ ಮಾತು ಕೇಳಲಿಲ್ಲ, ನಮ್ಮೋರ ತಲೆ ಅಂದ್ರೆ ಅದಕ್ಕೆ ಗೊತ್ತಿದ್ದನ್ನ ಅದು ಮಾಡ್ತು. ತಪ್ಪಾಯ್ತು ಬೀಗರೇ. ಬಿಚ್ತೀನಿ.”

ಬಿಚ್ಚಲು ಕೈ ಚಾಚಿದರು. ಹುಡುಗ ಎರಡೂ ಕೈಯಿಂದ ಪೇಟವನ್ನು ಹಿಡಿದುಕೊಂಡ. “ಬೇಡ ಮಾವ” ಎಂದ.

ಬೀಗರು ಮಗನ ತಲೆಯನ್ನೇ ನೋಡಿದರು. “ನೀವು ಅರಮನೆ ಒಳಗೆ ನಿಂತಿದ್ರಿ ಅಂತೀರಿ” ಎಂದರು ಮೇಷ್ಟ್ರಿಗೆ. “ನಮ್ಮೋರು ಗೇಟಿನ ಆಚೆ ನಿಂತಿದ್ರು. ನಮಗ್ಯಾರೂ ಯಾವ ಕಟ್ಟೂ ಕಟ್ನಿಲ್ಲ. ನನ್ನ ಮಗ ನಿಮ್ಮನೇದ್ನೇ ಕಟ್ಕಂಡವ್ನೆ, ಇರ್ಲಿ ಬುಡಿ.” ಮೇಷ್ಟ್ರ ಅಣ್ಣ ಬಾಗಿಲಿನಿಂದ ಹೊರಗೆ ಸರಿದರು. ಬೀಗರು ಅದನ್ನು ಗಮನಿಸಲೂ ಇಲ್ಲ. ತಮ್ಮ ತಲೆಯ ಮೇಲಿನ ಬಾಡಿಗೆ ಪೇಟ ತೆಗೆದು ಮೇಜಿನ ಮೇಲಿಟ್ಟರು. ಮಗನನ್ನು ಎಬ್ಬಿಸಿ ಸ್ಟೂಲಿನ ಮೇಲೆ ತಾವು ಕೂತರು. “ನಂಗೂ ಒಂದ್ ಕಟ್ಬುಡಿ. ಯಾವ್ದಾದ್ರೂ ಸರಿಯೇ” ಎಂದು ಬಾಯಿ ಮುಚ್ಚಿದರು.

ಎಷ್ಟೋ ವರ್ಷಗಳಿಂದ ಮೇಷ್ಟ್ರ ಮುಂದೆ ಯಾರೂ ಹೀಗೆ ತಾವಾಗಿ ಬಂದು ಕೂತಿರಲಿಲ್ಲ. ಚೀಲದಲ್ಲಿ ಇನ್ನೊಂದು ಬಟ್ಟೆ ಇತ್ತು. ಮೇಷ್ಟ್ರು ಅದನ್ನು ತೆಗೆದರು. ನಾನು ತುದಿ ಹಿಡಿದು ಹಿಂದಕ್ಕೆ ಸರಿದೆ. ಮೊದಲ ಸುತ್ತಿಗೇ ಬಟ್ಟೆ ಅವರ ಬೆರಳಿನಿಂದ ಜಾರಿತು. ಎತ್ತಿಕೊಂಡರು, ಮತ್ತೆ ಜಾರಿತು. ಕಣ್ಣು ಮುಚ್ಚಿದರು, ಬಾಯಿಯಲ್ಲಿ ಏನೋ ಲೆಕ್ಕ ಹೇಳಿಕೊಂಡರು. ಈ ಸಲ ಬೆರಳುಗಳು ಬಿಗಿಹಿಡಿಯಲೇ ಇಲ್ಲ, ಬಟ್ಟೆ ನೆಲಕ್ಕೆ ಬಿತ್ತು. ಹೊರಗೆ ವಾಲಗ ಶುರುವಾಯಿತು, ಪುರೋಹಿತರು ಕೂಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ, ಗೋಡೆಯ ಕಡೆ ತಿರುಗಿದೆ.

ತಿರುಗಿ ನೋಡಿದಾಗ ಮೇಷ್ಟ್ರು ಮೇಜಿನ ಮೇಲಿನ ಬಾಡಿಗೆ ಪೇಟವನ್ನು ಎತ್ತಿಕೊಂಡು, ಬೀಗರ ತಲೆಯ ಮೇಲೆ ಮೆಲ್ಲಗೆ ಇಡುತ್ತಿದ್ದರು. ಹಣೆಯ ಮೇಲೆ ಓರೆಯಾಗಿ ಕೂತಿತ್ತು, ಸರಿಮಾಡಿದರು.

“ಚೆನ್ನಾಗಿ ಕಾಣುತ್ತೆ” ಎಂದರು. “ಏಳಿ ಬೀಗರೇ, ಹೊತ್ತಾಯ್ತು.”

ಬೀಗರು ಏಳಲಿಲ್ಲ. ಮೇಷ್ಟ್ರ ಕೈ ಇನ್ನೂ ಅವರ ತಲೆಯ ಮೇಲೇ ಇತ್ತು. ಅದು ನಡುಗುತ್ತಿತ್ತು. ಕಟ್ಟುವುದು ಇನ್ನೂ ಮುಗಿದಿಲ್ಲವೆಂಬಂತೆ ಬೀಗರು ಬಾಯಿ ಬಿಡದೆ, ತಲೆ ಅಲ್ಲಾಡಿಸದೆ ಕೂತಿದ್ದರು.